ಮಸಿಬಟ್ಟೆಯ ಮಡಿ

ಅಡಿಗೆಯ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದು, ಎಲ್ಲಕ್ಕಿಂತ ಕಡಿಮೆ ಮನ್ನಣೆ ಪಡೆಯುವ ವಸ್ತು ಯಾವುದೆಂದು ಕೇಳಿದರೆ ಮಸಿಬಟ್ಟೆಯೆಂದೇ ಹೇಳಬೇಕಾಗುತ್ತದೆ. ಬಿಸಿ ಪಾತ್ರೆಯನ್ನು ಇಳಿಸುವುದು ಅದು; ಚೆಲ್ಲಿದ ಸಾರನ್ನು ಒರೆಸುವುದು ಅದು; ಒಗ್ಗರಣೆಯ ಎಣ್ಣೆ, ಅರಿಸಿನದ ಕಲೆ, ಬಾಣಲೆಯ ಕರಿ ಇವೆಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವುದೂ ಅದೇ. ಒಲೆ ಹೋಗಿ ಅನಿಲದ ಸ್ಟವ್ ಬಂದು ಎಷ್ಟೋ ಮನೆಗಳಲ್ಲಿ ಮಸಿಯೇ ಕಾಣದಂತಾದರೂ ಬಟ್ಟೆಗೆ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಇಂಥ ಬಟ್ಟೆಯನ್ನು ಶುಚಿಗೊಳಿಸುವುದು ಹೇಗೆ ಎಂಬ ಪ್ರಶ್ನೆ ತೀರ ಸಣ್ಣದೆಂದು ತೋರಬಹುದು. ಆದರೆ ಓದುಗರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬಂದರೆ, ಈ ಸಣ್ಣ ಪ್ರಶ್ನೆಯ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯೊಂದು ಮಡಿಸಿಟ್ಟಂತೆ ಇರುವುದು ಕಾಣುತ್ತದೆ. ಧರ್ಮಶಾಸ್ತ್ರ, ರಾಜನೀತಿ, ರಸಾಯನವಿದ್ಯೆ, ಕೊನೆಗೆ ನಮ್ಮ ಊರಿನ ಕೆರೆಗಳ ಗತಿ, ಎಲ್ಲವೂ ಅದರಲ್ಲಿವೆ.

ಮೊದಲು ಮಾತನ್ನೇ ನೋಡೋಣ. ಕನ್ನಡದಲ್ಲಿ ‘ಮಡಿ’ ಎಂದರೆ ಒಗೆದು ಶುಭ್ರವಾದ ಬಟ್ಟೆ. ಆ ಬಟ್ಟೆಯ ಶುಭ್ರತೆ. ಹಾಗೆಯೇ ಅದನ್ನು ಉಟ್ಟವರು ಪಡೆಯುವ ಆಚಾರದ ಶುದ್ಧಿ. ಒಂದು ಅರ್ಥ ನೀರಿಗೂ ಕಲ್ಲಿಗೂ ಸೇರಿದ್ದು, ಮತ್ತೊಂದು ಮನಸ್ಸಿಗೂ ಸಂಪ್ರದಾಯಕ್ಕೂ ಸೇರಿದ್ದು. ಇವೆರಡನ್ನೂ ಒಂದೇ ಪದ ಹೊತ್ತುಕೊಂಡಿರುವುದರಿಂದ ಎಷ್ಟೋ ಸಲ ಒಂದನ್ನು ಮತ್ತೊಂದೆಂದು ನಾವು ತಿಳಿದುಕೊಳ್ಳುತ್ತೇವೆ. ಬಟ್ಟೆ ಒಗೆಯುವವನಿಗೆ ಹಳಗನ್ನಡದಲ್ಲಿ ‘ಅಸಗ’ ಎಂಬ ಹೆಸರು. ಅಕ್ಷರಗಳು ಸ್ಥಳ ಬದಲಾಯಿಸಿಕೊಂಡು ಅದೇ ‘ಅಗಸ’ ಎಂದಾಯಿತು. ಅಸಗನೆಂಬ ಹೆಸರಿನ ಕವಿಯೊಬ್ಬನು ಕ್ರಿ. ಶ. 853ರಲ್ಲಿ ಸಂಸ್ಕೃತದಲ್ಲಿ ವರ್ಧಮಾನ ಚರಿತ್ರೆಯನ್ನು ರಚಿಸಿದನೆಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ಸಂಗತಿ. ಸಂಸ್ಕೃತದ ‘ರಜಕ’ ಶಬ್ದಕ್ಕೆ ಬಣ್ಣ ಹಾಕುವವನೆಂಬ ಅರ್ಥವೂ ಉಂಟು. ಬಣ್ಣ ತೆಗೆಯುವುದೂ ಬಣ್ಣ ಕೊಡುವುದೂ ಒಂದೇ ಕೈಯ ವಿದ್ಯೆಯೆಂದು ಹಿಂದಿನವರು ಭಾವಿಸಿದ್ದರೆಂದು ಇದರಿಂದ ತೋರುತ್ತದೆ.

ಇನ್ನು ಗ್ರಂಥಗಳ ಕಡೆಗೆ ಬರೋಣ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಪ್ರಕರಣವೊಂದಿದೆ. ರೇಷ್ಮೆಗೂ ಉಣ್ಣೆಗೂ ಊಷ, ಎಂದರೆ ಚೌಳು ಮಣ್ಣು. ಕಂಬಳಿಗೆ ಅರಿಷ್ಟಕ, ಎಂದರೆ ಅಂಟುವಾಳದ ಕಾಯಿ. ನಯವಾದ ಪಟ್ಟೆಗೆ ಬಿಲ್ವದ ಕಾಯಿ. ನಾರುಮಡಿಗೆ ಬಿಳಿಯ ಸಾಸಿವೆ. ಹೀಗೆ ಒಂದೊಂದು ನೂಲಿಗೆ ಒಂದೊಂದು ಶೋಧಕವನ್ನು ಅಲ್ಲಿ ಹೇಳಿದೆ. ಯಾಜ್ಞವಲ್ಕ್ಯ ಸ್ಮೃತಿ ಇದಕ್ಕೆ ಗೋಮೂತ್ರವನ್ನೂ ಸೇರಿಸುತ್ತದೆ. ಇದನ್ನು ಕೇಳಿ ನಗುವವರು ಪ್ರಾಚೀನ ರೋಮಿನ ಕಡೆಗೆ ತಿರುಗಿ ನೋಡಬೇಕು. ಅಲ್ಲಿನ ಬಟ್ಟೆ ಒಗೆಯುವ ಶಾಲೆಗಳಲ್ಲಿ ಹಳಸಿದ ಮೂತ್ರವೇ ಮುಖ್ಯ ಶೋಧಕವಾಗಿತ್ತು. ವೆಸ್ಪಾಸಿಯನ್ ಚಕ್ರವರ್ತಿ ಅದರ ಮೇಲೆ ತೆರಿಗೆಯನ್ನೇ ಹಾಕಿದ್ದನು. ಹಳಸಿದ ಮೂತ್ರದಲ್ಲಿ ಹುಟ್ಟುವ ಅಮೋನಿಯ ಜಿಡ್ಡನ್ನು ಬಿಡಿಸುತ್ತದೆ. ಎರಡು ದೂರದ ದೇಶಗಳ ಜನ ಒಂದೇ ಉಪಾಯವನ್ನು ಕಂಡುಕೊಂಡದ್ದಕ್ಕೆ ಕಾರಣ ಇಷ್ಟೇ: ಎಣ್ಣೆಯ ಸ್ವಭಾವ ಎಲ್ಲ ದೇಶದಲ್ಲಿಯೂ ಒಂದೇ.

ಕೌಟಿಲ್ಯನ ಅರ್ಥಶಾಸ್ತ್ರ ಅಗಸನನ್ನು ಕಾನೂನಿನ ಕಣ್ಣಿನಿಂದ ನೋಡುತ್ತದೆ. ಈ ಗ್ರಂಥ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಗಸರು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು. ಬೇರೆ ಕಡೆ ಒಗೆದರೆ ಬಟ್ಟೆಗಾದ ನಷ್ಟವನ್ನು ಕೊಟ್ಟು ಆರು ಪಣ ದಂಡ ತೆರಬೇಕು. ಮುದ್ಗರದ ಗುರುತಿಲ್ಲದ ಬಟ್ಟೆಯನ್ನು ತಾವು ಉಟ್ಟರೆ ಮೂರು ಪಣ ದಂಡ. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆಯಿಟ್ಟರೆ ಹನ್ನೆರಡು ಪಣ. ಇದರೊಡನೆ ಬಿಳುಪಿನ ತರತಮವನ್ನೂ ಅವನು ಹೇಳುತ್ತಾನೆ: ಮೊಗ್ಗಿನಂತೆ ಬಿಳಿ, ಕಲ್ಲಿನ ಮೇಲೆ ಒಗೆದ ಬಿಳಿ, ತೊಳೆದ ನೂಲಿನ ಬಿಳಿ, ಅಪ್ಪಟ ಬಿಳಿ. ಮೊದಲನೆಯದಕ್ಕೆ ಒಂದು ರಾತ್ರಿಯ ಗಡುವು. ಮುಂದಿನ ಒಂದೊಂದಕ್ಕೂ ಒಂದೊಂದು ರಾತ್ರಿ ಹೆಚ್ಚು. ಬಿಳುಪಿಗೆ ಹೊತ್ತು ಬೇಕು, ಅವಸರ ಮಾಡಿದರೆ ನೂಲು ಹಾಳಾಗುತ್ತದೆ ಎಂಬ ತಿಳಿವಳಿಕೆ ಈ ಗಡುವಿನಲ್ಲಿ ಅಡಗಿದೆಯೆಂಬುದನ್ನು ಗಮನಿಸಿರಿ.

ಆ ಹಳೆಯ ಶೋಧಕಗಳು ಹೇಗೆ ಕೆಲಸ ಮಾಡುತ್ತಿದ್ದವೆಂಬುದನ್ನು ಇಂದಿನ ವಿಜ್ಞಾನ ಸ್ಪಷ್ಟವಾಗಿ ಹೇಳಬಲ್ಲದು. ಅವು ಎರಡು ಬಗೆ. ಒಂದು ನೊರೆಯ ಬಗೆ. ಅಂಟುವಾಳ, ಸೀಗೆ ಇವುಗಳ ಕಾಯಿಯಲ್ಲಿ ಸಪೋನಿನ್ ಎಂಬ ವಸ್ತುವಿದೆ. ಅದರ ಅಣುವಿನ ಒಂದು ತುದಿಗೆ ನೀರು ಪ್ರಿಯ, ಮತ್ತೊಂದು ತುದಿಗೆ ಎಣ್ಣೆ ಪ್ರಿಯ. ಹೀಗೆ ಇಬ್ಬರಿಗೂ ಬೇಕಾದ ಮಧ್ಯಸ್ಥನಂತೆ ನಿಂತು ಅದು ಜಿಡ್ಡನ್ನು ನೂಲಿನಿಂದ ಬಿಡಿಸಿ ನೀರಿನ ಕೈಗೆ ಒಪ್ಪಿಸುತ್ತದೆ. ಇದರಲ್ಲಿ ಕ್ಷಾರವಿಲ್ಲದ ಕಾರಣ ರೇಷ್ಮೆಯನ್ನೂ ಉಣ್ಣೆಯನ್ನೂ ತಿನ್ನುವುದಿಲ್ಲ. ಅಕ್ಕಸಾಲಿಗರು ಒಡವೆಯನ್ನು ಅಂಟುವಾಳದಲ್ಲಿ ತೊಳೆಯುವುದು, ಮನೆಯ ಹೆಂಗಸರು ಜರಿಯ ಸೀರೆಯನ್ನು ಅದರಲ್ಲಿ ಅದ್ದುವುದು ಇದೇ ಕಾರಣಕ್ಕೆ. ಗಡಸು ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುವಾಗಲೂ ಅಂಟುವಾಳದ ನೊರೆ ನಿಲ್ಲುತ್ತದೆ. ಅರಿಷ್ಟಕವೇ ಹಿಂದಿಯಲ್ಲಿ ‘ರೀಠಾ’ ಆಯಿತು. ಸ್ವೀಡನ್ನಿನ ಲಿನ್ನೇಯಸ್ ಈ ಮರಕ್ಕೆ ‘ಸಪಿಂಡಸ್’ ಎಂದು ಹೆಸರಿಟ್ಟನು. ಇಂಡಿಯದ ಸಾಬೂನು ಎಂಬುದೇ ಅದರ ಅರ್ಥ.

ಎರಡನೆಯದು ಕ್ಷಾರದ ಬಗೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್, ಎಂದರೆ ನಾವು ಅಂಗಡಿಯಲ್ಲಿ ಕೊಳ್ಳುವ ಒಗೆಯುವ ಸೋಡಾ ಇದೆ. ಬೂದಿಯ ತಿಳಿಯನ್ನು ಜಿಡ್ಡಿನ ಬಟ್ಟೆಯ ಮೇಲೆ ಕುದಿಸಿ ಹೊಯ್ದರೆ ಆ ಜಿಡ್ಡಿನ ಒಂದಂಶ ಅಲ್ಲಿಯೇ ಸಾಬೂನಾಗಿ ಮಾರ್ಪಡುತ್ತದೆ. ಕೊಳೆಯೇ ಕೊಳೆಯನ್ನು ಕಳೆಯುವ ಸಾಧನವಾಗುತ್ತದೆ. ರೋಮಿನ ಪ್ಲಿನಿ ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಬರೆದಿಟ್ಟ ‘ಸಾಪೋ’ ಕೊಬ್ಬು ಮತ್ತು ಬೂದಿಗಳ ಈ ಮದುವೆಯೇ. ಲ್ಯಾಟಿನ್ನಿನ ಆ ಮಾತು, ಅರಬ್ಬಿಯ ಸಾಬೂನ್, ನಮ್ಮ ಸಾಬೂನು ಎಲ್ಲವೂ ಒಂದೇ ಬಳಗ. ನಮ್ಮ ನಾಡಿನಲ್ಲಿ ಚೌಳು ಮಣ್ಣಿನ ಬೆಲೆ ಅಗಸರ ಕಲ್ಲಿಗಷ್ಟೇ ಮುಗಿದಿರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕಾಯಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಆ ಗಾಜಿಗೂ ಇಂಥ ಸೋಡಾ ಮಣ್ಣೇ ಬೇಕು. ಒಂದೇ ಮಣ್ಣು ಮುತ್ತೈದೆಯ ಕೈಗೆ ಬಳೆಯೂ ಆಗಬಲ್ಲದು, ಉಟ್ಟ ಸೀರೆಗೆ ಬಿಳುಪೂ ಆಗಬಲ್ಲದು.

ಅಗಸರ ಕೆಲಸದಲ್ಲಿ ನಿಜವಾದ ಮರ್ಮ ಇದ್ದದ್ದು ‘ಉಬ್ಬೆ’ಯಲ್ಲಿ. ಚೌಳಿನ ನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಕುದಿಯುವ ನೀರಿನ ದೊಡ್ಡ ಹಂಡೆಯ ಮೇಲೆ ಗೋಪುರದಂತೆ ಒಟ್ಟಿ, ಮೇಲೆ ಮುಚ್ಚಿ, ಕೆಳಗೆ ಉರಿ ಹಾಕಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಿದ್ದರು. ಬೆಳಗಾದ ಮೇಲೆ ಹೊಳೆಯಲ್ಲಿ ಸೆಣೆದು, ಜಾಲಿಸಿ, ಬಿಸಿಲಿಗೆ ಹರವುತ್ತಿದ್ದರು. ಮನೆಮನೆಯ ಬಟ್ಟೆ ಬೆರೆತು ಹೋಗದಂತೆ ಕೇರುಬೀಜದ ರಸದಿಂದ ಗುರುತು ಹಾಕುತ್ತಿದ್ದರು. ಎಷ್ಟು ಉಬ್ಬೆ ಹಾಕಿದರೂ ಆ ಗುರುತು ಹೋಗುತ್ತಿರಲಿಲ್ಲ. ಕ್ರಿಮಿ ಎಂಬ ಮಾತನ್ನು ಇಂದಿನ ಅರ್ಥದಲ್ಲಿ ಯಾರೂ ಕೇಳದಿದ್ದ ಕಾಲದಲ್ಲಿ ಈ ಕ್ರಮ ರೂಢಿಯಲ್ಲಿತ್ತು. 1877ರಲ್ಲಿ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಸೂರ್ಯನ ಬೆಳಕು ರೋಗಾಣುಗಳನ್ನು ಅಡಗಿಸುವುದೆಂದು ತೋರಿಸಿದರು. 1881ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಒಣ ಶಾಖಕ್ಕಿಂತ ಹಬೆ ಹೆಚ್ಚು ಬಲ್ಲಿದವೆಂದು ಸಿದ್ಧಪಡಿಸಿದನು. ಹಬೆ ಮತ್ತು ಬಿಸಿಲು, ಈ ಎರಡನ್ನೂ ಅಗಸನು ಹಿಡಿದು ಬಹಳ ಕಾಲವಾಗಿತ್ತು.

ಆದರೆ ಇಲ್ಲಿ ನಾವು ನಾಚಬೇಕಾದ ವಿಷಯವೊಂದಿದೆ. ಬಟ್ಟೆಯ ಶುದ್ಧಿಯನ್ನು ಅಷ್ಟು ವಿವರವಾಗಿ ಹೇಳಿದ ಮನುಸ್ಮೃತಿಯೇ ತನ್ನ ನಾಲ್ಕನೆಯ ಅಧ್ಯಾಯದಲ್ಲಿ, ಬಟ್ಟೆ ಒಗೆಯುವವನ ಅನ್ನವನ್ನು ಉಣ್ಣಬಾರದವರ ಪಟ್ಟಿಯಲ್ಲಿ ಸೇರಿಸಿದೆ. ಅಗಸನು ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸಿ ತಂದ ಬಟ್ಟೆಯನ್ನು, ಆಚಾರವಂತರ ಮನೆಗಳಲ್ಲಿ ಮತ್ತೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹೊರತು ‘ಮಡಿ’ ಎನ್ನುತ್ತಿರಲಿಲ್ಲ. ಅದೇ ಮನೆಯ ಒಲೆಯ ಬದಿಯಲ್ಲಿ ದಿನವಿಡೀ ಹಸಿಯಾಗಿ, ಕಮಟು ನಾರುತ್ತ ಬಿದ್ದಿರುತ್ತಿದ್ದ ಮಸಿಬಟ್ಟೆಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ. ಮಡಿಯನ್ನು ಮಾಡಿಕೊಟ್ಟವನು ದೂರ, ಕೊಳೆಯನ್ನು ಹೊತ್ತ ಬಟ್ಟೆ ಹತ್ತಿರ: ಒಂದು ಪದಕ್ಕೆ ಎರಡು ಅರ್ಥವಿದ್ದುದರ ಫಲವಿದು. ಹನ್ನೆರಡನೆಯ ಶತಮಾನದಲ್ಲಿ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಯ್ಯ ಈ ಗಂಟನ್ನು ಬಿಚ್ಚಿದವರಲ್ಲಿ ಒಬ್ಬನು. ಕಾಯಕ ಮಾಡಿ ಬದುಕುವ ಶರಣರ ಬಟ್ಟೆಯನ್ನಲ್ಲದೆ ಮತ್ತೊಬ್ಬರದನ್ನು ಅವನು ಒಗೆಯುತ್ತಿರಲಿಲ್ಲವೆಂದು ಐತಿಹ್ಯ. ಒಗೆಯಲು ಯೋಗ್ಯರಾರೆಂದು ಒಗೆಯುವವನೇ ತೀರ್ಮಾನಿಸುವುದು, ಅಂದಿನ ಸಮಾಜವನ್ನು ತಲೆಕೆಳಗು ಮಾಡಿದ ಮಾತು. ಅವನು ವಚನಕಾರನೂ ಆಗಿದ್ದು, ಕಲ್ಯಾಣದ ಕಲಹದಲ್ಲಿ ವಚನದ ಕಟ್ಟುಗಳನ್ನು ಕಾಪಾಡಿದವರಲ್ಲಿ ಮುಖ್ಯನೆಂದೂ ಪರಂಪರೆ ನೆನೆಯುತ್ತದೆ.

ಈಗ ಕಟುವಾದ ರಾಸಾಯನಿಕಗಳು ಎಲ್ಲಿಂದ ಬಂದವೆಂದು ನೋಡೋಣ. ಹದಿನೆಂಟನೆಯ ಶತಮಾನದವರೆಗೆ ಯೂರೋಪಿನಲ್ಲಿಯೂ ಬಟ್ಟೆಯನ್ನು ಬಿಳುಪು ಮಾಡುವ ಕ್ರಮ ನಮ್ಮದಕ್ಕಿಂತ ಬೇರೆಯಾಗಿರಲಿಲ್ಲ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಸುತ್ತ ನಾರುಬಟ್ಟೆಯನ್ನು ಬೂದಿಯ ಕ್ಷಾರದಲ್ಲಿ ಬೇಯಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ಹರವಿ ತಿಂಗಳುಗಟ್ಟಲೆ ಬಿಸಿಲು ಕಾಯಿಸುತ್ತಿದ್ದರು. ನೂಲುವ ನೇಯುವ ಯಂತ್ರಗಳು ಬಂದ ಮೇಲೆ ಅಷ್ಟು ಕಾಯಲು ಯಾರಿಗೂ ಪುರಸತ್ತಿಲ್ಲದಾಯಿತು. 1756ರಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಹೋಮ್ ಮಜ್ಜಿಗೆಯ ಬದಲು ನೀರು ಬೆರೆಸಿದ ಗಂಧಕಾಮ್ಲವನ್ನು ಬಳಸಬಹುದೆಂದು ತೋರಿಸಿದನು. 1774ರಲ್ಲಿ ಷೀಲೆ ಕ್ಲೋರಿನ್ ಅನಿಲವನ್ನು ಕಂಡುಹಿಡಿದನು. 1785ರಲ್ಲಿ ಫ್ರಾನ್ಸಿನ ಬೆರ್ತೊಲೆ ಅದರಿಂದ ಬಟ್ಟೆ ಬಿಳುಪಾಗುವುದನ್ನು ಸಾರಿದನು. 1799ರಲ್ಲಿ ಚಾರ್ಲ್ಸ್ ಟೆನಂಟ್ ಅದನ್ನು ಸುಣ್ಣದಲ್ಲಿ ಹಿಡಿದಿಟ್ಟು ಚಲುವೆ ಪುಡಿಯನ್ನು ಮಾಡಿದನು. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು.

ಸೋಡಾದ ಕಥೆಯೂ ಹೀಗೆಯೇ. 1791ರಲ್ಲಿ ನಿಕೊಲಾ ಲೆಬ್ಲಾಂಕ್ ಎಂಬಾತನು ಅಡಿಗೆಯ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸಾಬೂನು ಅಗ್ಗವಾಯಿತು, ಬಡವನ ಮನೆಗೂ ಬಂತು. ಆದರೆ ಆ ಕಾರ್ಖಾನೆಗಳ ಕೊಳವೆಗಳಿಂದ ಹೊರಟ ಆಮ್ಲದ ಹೊಗೆ ಸುತ್ತಲಿನ ಮರಗಿಡಗಳನ್ನು ಸುಟ್ಟಿತು. ಕೊನೆಗೆ 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ಹೊಗೆಯನ್ನು ತಡೆಯಲು ಕ್ಷಾರ ಕಾಯಿದೆಯನ್ನೇ ಮಾಡಬೇಕಾಯಿತು. ಒಬ್ಬರ ಬಿಳಿಯ ಅಂಗಿಗೆ ಮತ್ತೊಬ್ಬರ ಹೊಲ ಬೆಲೆ ತೆತ್ತ ಕಾಲವದು.

ನಮ್ಮ ದೇಶಕ್ಕೆ 1888ರ ಹೊತ್ತಿಗೆ ಲಿವರ್ ಸಹೋದರರ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನೂ 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನೂ ತೆರೆಯಿತು. ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸಕ್ತಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ, ಎಸ್. ಜಿ. ಶಾಸ್ತ್ರಿಗಳ ರಸಾಯನ ಜ್ಞಾನ ಇದ್ದವು. 1959ರಲ್ಲಿ ಸರ್ಫ್ ಪುಡಿ, 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ ಬಂದವು. ಇವು ಸಾಬೂನಲ್ಲ, ಕೃತಕ ಮಾರ್ಜಕಗಳು. ಗಡಸು ನೀರಿನಲ್ಲಿಯೂ ನೊರೆ ಕೊಡುವುದು ಇವುಗಳ ಗುಣ. ಕೈ ನೋವನ್ನು ಇವು ಎಷ್ಟು ಕಡಿಮೆ ಮಾಡಿದವೆಂಬುದನ್ನು ಬಟ್ಟೆ ಒಗೆದವರೇ ಹೇಳಬೇಕು; ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಒಗೆದ ನೀರು ಎಲ್ಲಿಗೆ ಹೋಯಿತೆಂದು ಬಹುಕಾಲ ಯಾರೂ ಕೇಳಲಿಲ್ಲ. ಮೊದಲ ತಲೆಮಾರಿನ ಮಾರ್ಜಕಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳಲಾರದೆ ಯೂರೋಪಿನ ನದಿಗಳಲ್ಲಿ ನೊರೆಯ ಗುಡ್ಡಗಳು ತೇಲಿದವು. ಪಶ್ಚಿಮ ಜರ್ಮನಿ 1961ರಲ್ಲಿ ಇದಕ್ಕಾಗಿ ಕಾಯಿದೆ ಮಾಡಿತು. 1965ರ ಹೊತ್ತಿಗೆ ಅಮೆರಿಕದ ತಯಾರಕರೂ ಸುಲಭವಾಗಿ ಕೊಳೆಯುವ ಮಾರ್ಜಕಕ್ಕೆ ಬದಲಾಯಿಸಿದರು. ಬದಲಾದ ಪುಡಿಯೂ ಸಂಸ್ಕರಣೆಯಿಲ್ಲದ ಚರಂಡಿಯ ನೀರಿನೊಡನೆ ಕೆರೆಗೆ ಬಿದ್ದರೆ ಗತಿಯೇನೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿಕೊಟ್ಟಿತು. 2015ರಲ್ಲಿ ಅದರ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂತು. ಆ ವರ್ಷವೂ 2018ರಲ್ಲಿಯೂ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಹತ್ತಿತೆಂಬ ಮಾತನ್ನು ಅಸಂಭವಕ್ಕೆ ಉದಾಹರಣೆಯಾಗಿ ಕೊಡುವುದು ಇನ್ನು ಕಷ್ಟ.

ಹಾಗಾದರೆ ಮಸಿಬಟ್ಟೆಗೆ ಏನು ಮಾಡಬೇಕು? ಚರಿತ್ರೆ ಕಲಿಸಿದ ಪಾಠವನ್ನು ಅಡಿಗೆಮನೆಯ ಅಳತೆಗೆ ಇಳಿಸಿ ಹೇಳುತ್ತೇನೆ. ಹತ್ತಿಯ ಬಟ್ಟೆಯಾದರೆ ಮೊದಲು ತಣ್ಣೀರಿನಲ್ಲಿ ಜಾಲಿಸಿ ಅಗುಳು ಪಲ್ಯಗಳನ್ನು ಕಳೆಯಿರಿ. ಒಂದೆರಡು ಚಮಚ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿರಿ. ನಮ್ಮ ಪುಟ್ಟ ಉಬ್ಬೆ ಇದೇ. ಜಿಡ್ಡು ಸಡಿಲಗೊಳ್ಳುತ್ತದೆ, ಕಮಟು ಹೋಗುತ್ತದೆ, ಕ್ರಿಮಿಗಳು ಸಾಯುತ್ತವೆ. ಬಳಿಕ ಐದಾರು ಅಂಟುವಾಳದ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿದ ನೀರಿನಲ್ಲಿ ಅಥವಾ ಸಾಧಾರಣ ಸಾಬೂನಿನಲ್ಲಿ ಉಜ್ಜಿರಿ. ಅಂಟುವಾಳದ ನೀರು ಬೇಗ ಹಳಸುವುದರಿಂದ ಅಂದಂದಿನದನ್ನು ಅಂದೇ ಮಾಡಿಕೊಳ್ಳಬೇಕು. ತುಕ್ಕಿನ ಕಲೆಗೆ ನಿಂಬೆಯ ಹುಳಿ ಸಾಕು. ಅರಿಸಿನದ ಕಲೆ ಸಾಬೂನು ತಾಕಿದೊಡನೆ ಕೆಂಪಾಗುವುದನ್ನು ನೀವು ಕಂಡಿದ್ದೀರಿ. ಅದು ಕ್ಷಾರಕ್ಕೆ ಅರಿಸಿನ ಕೊಡುವ ಉತ್ತರ, ಗಾಬರಿಪಡಬೇಕಾಗಿಲ್ಲ. ಆ ಬಣ್ಣ ಬಿಸಿಲಿಗೆ ನಿಲ್ಲದು. ಒದ್ದೆಯಾಗಿರುವಾಗಲೇ ಬಿಸಿಲಿಗೆ ಹರವಿದರೆ ಎರಡು ಮೂರು ದಿನಗಳಲ್ಲಿ ಮಾಸಿಹೋಗುತ್ತದೆ.

ಕೆಲವು ಎಚ್ಚರಿಕೆಗಳನ್ನೂ ಹೇಳದೆ ಇರಲಾರೆ. ಸೋಡಾವನ್ನೂ ಹುಳಿಯನ್ನೂ ಒಟ್ಟಿಗೆ ಬೆರೆಸಿದರೆ ಬುರುಗು ಬರುವುದು ನಿಜ. ಆದರೆ ಒಂದು ಮತ್ತೊಂದರ ಬಲವನ್ನು ಕೊಂದು ಬಟ್ಟೆಗೆ ಬರಿಯ ಉಪ್ಪುನೀರು ಉಳಿಯುತ್ತದೆ. ಒಂದಾದ ಮೇಲೆ ಒಂದನ್ನು ಬಳಸಬೇಕು. ಚಲುವೆ ಪುಡಿಯ ನೀರಿಗೆ ನಿಂಬೆಯನ್ನಾಗಲಿ, ಬೇರೆ ಯಾವ ಹುಳಿಯನ್ನಾಗಲಿ ಎಂದಿಗೂ ಬೆರೆಸಕೂಡದು. ಆಗ ಹೊರಡುವ ಕ್ಲೋರಿನ್ ಉಸಿರನ್ನು ಕಟ್ಟುವ ವಿಷ. ನೈಸರ್ಗಿಕವೆಂದ ಮಾತ್ರಕ್ಕೆ ಮೃದುವೆಂದು ತಿಳಿಯುವುದೂ ತಪ್ಪು. ಬೂದಿಯ ಗಾಢವಾದ ತಿಳಿ ಕೈಯ ಚರ್ಮವನ್ನು ಸುಡುತ್ತದೆ, ಹದ ತಪ್ಪಿದ ಚೌಳು ರೇಷ್ಮೆಯನ್ನು ತಿನ್ನುತ್ತದೆ. ತಲೆಮಾರುಗಳ ಕಾಲ ಆ ನೀರಿನಲ್ಲಿ ಬಿರಿದ ಅಗಸರ ಅಂಗೈಗಳು ಇದಕ್ಕೆ ಸಾಕ್ಷಿ. ಹಾಗೆಯೇ ಅಂಟುವಾಳ ಕೊಳೆಯನ್ನು ಬಿಡಿಸುತ್ತದೆಯೇ ಹೊರತು ಕ್ರಿಮಿಯನ್ನು ನಂಬಿಕೆಯಿಂದ ಕೊಲ್ಲುವುದಿಲ್ಲ; ಆ ಕೆಲಸ ಕುದಿಯುವ ನೀರಿನದು. ಎಲ್ಲಕ್ಕಿಂತ ಮುಖ್ಯವಾಗಿ, ಒದ್ದೆ ಮಸಿಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಯಾವ ಶೋಧಕದ ಪುಣ್ಯವೂ ಒಂದು ರಾತ್ರಿಯ ತೇವದ ಮುಂದೆ ನಿಲ್ಲಲಾರದು. ಎರಡು ಮೂರು ತುಂಡುಗಳಿದ್ದು ದಿನಕ್ಕೊಂದನ್ನು ಬದಲಾಯಿಸಿ ಒಣಗಿಸುವ ಮನೆಗೆ ಚಲುವೆ ಪುಡಿಯ ಅಗತ್ಯ ಬಹು ಅಪರೂಪ.

ಹಳೆಯದೆಲ್ಲ ಒಳ್ಳೆಯದೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಳೆಯ ಕಾಲದ ಅಂಟುವಾಳವನ್ನು ಉಳಿಸಿಕೊಳ್ಳೋಣ. ಅದರೊಡನೆ ಬಂದ ತಾರತಮ್ಯವನ್ನು ಬಿಡೋಣ. ಹೊಸ ಕಾಲದ ಸಾಬೂನನ್ನು ಕೊಳ್ಳೋಣ; ಅದರ ನೀರು ಯಾವ ಕೆರೆಗೆ ಹೋಗುತ್ತದೆಂದು ಕೇಳುವುದನ್ನು ಮರೆಯದಿರೋಣ. ಇನ್ನೊಂದು ಮಾತು. ಊರಿನ ಬಟ್ಟೆಯನ್ನು ಅಗಸರು ಒಗೆದ ದಿನಗಳಲ್ಲಿಯೂ ಮಸಿಬಟ್ಟೆ ಮಾತ್ರ ಮನೆಯ ಹೆಂಗಸರ ಕೈಯಲ್ಲಿಯೇ ಉಳಿದಿತ್ತು. ಅದಕ್ಕೆ ಕೂಲಿಯೂ ಇರಲಿಲ್ಲ, ಕೌಟಿಲ್ಯನ ಗಡುವೂ ಇರಲಿಲ್ಲ. ಉಣ್ಣುವವರೆಲ್ಲರ ಕೈ ಒರೆಸಿದ ಬಟ್ಟೆಯನ್ನು ಉಣ್ಣುವವರೆಲ್ಲರೂ ಸರದಿಯ ಮೇಲೆ ಒಗೆಯಬಹುದು. ಮಡಿ ಎಂಬ ಪದದ ಎರಡು ಅರ್ಥಗಳು ಹಾಗಾದರೂ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳಿಯಾವು.